ಪರದೇಶದಲ್ಲಿ ಒಂಟಿಯಾದವನೇ, ನಿನ್ನ ನಾಲಿಗೆಯನ್ನು ಎಲ್ಲಿ ಬಿಟ್ಟು ಹೋದೆ?

ಕನ್ನಡದ ತಮ್ಮಾ, ಕನ್ನಡದ ತಂಗೀ,

ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನಿನ್ನನ್ನು ಕಳಿಸಿಕೊಡಲು ಮನೆಮಂದಿಯೆಲ್ಲ ಬಂದಿದ್ದರು. ಅಮ್ಮ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾರಿನ ಪುಡಿ ಕಟ್ಟಿಕೊಟ್ಟಿದ್ದಳು. 23 ಕಿಲೋ ಮೀರಬಾರದೆಂದು ಅಪ್ಪ ಮನೆಯಲ್ಲೇ ಮೂರು ಸಲ ಸೂಟ್‌ಕೇಸು ತೂಗಿ ನೋಡಿದ್ದರು. ಪಾಸ್‌ಪೋರ್ಟು, ವೀಸಾ, ಮಾರ್ಕ್ಸ್ ಕಾರ್ಡು, ಬ್ಯಾಂಕಿನ ಪತ್ರ, ಸ್ವೆಟರು, ಪ್ರೆಶರ್ ಕುಕ್ಕರು ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡೆ. ಒಂದನ್ನು ಮಾತ್ರ ಇಲ್ಲೇ ಮರೆತು ಹೋದೆ.

ನಾಲಿಗೆ!

ಈಗ ನೀನು ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದ ಒಂದು ಸಣ್ಣ ಕೋಣೆಯಲ್ಲಿ ಕುಳಿತಿದ್ದೀಯ. ನವೆಂಬರ್ ತಿಂಗಳ ಭಾನುವಾರ. ಸಂಜೆ ಐದಕ್ಕೆಲ್ಲ ಕತ್ತಲು. ಭಾನುವಾರ ಅಂಗಡಿ ತೆರೆಯಬಾರದೆಂಬುದು ಅಲ್ಲಿನ ಕಾನೂನು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಶುಕ್ರವಾರ ಸಂಜೆ ಆಫೀಸಿನಲ್ಲಿ 'ಬರ್ತೀನಿ' ಅಂದದ್ದೇ ಕೊನೆ, ಆಮೇಲೆ ನಿನ್ನ ಬಾಯಿಂದ ಹೊರಬಿದ್ದದ್ದು ಅಂಗಡಿ ಹುಡುಗಿಗೆ ಹೇಳಿದ ಒಂದು 'ಹಲೋ', ಒಂದು 'ಡಾಂಕೆ'. ಅಷ್ಟರಲ್ಲಿ ಅಮ್ಮನ ಫೋನು. ಇಲ್ಲಿ ಆಗ ರಾತ್ರಿ ಒಂಬತ್ತೂವರೆ.

"ಊಟ ಆಯ್ತೇನೋ? ಯಾರಾದ್ರೂ ಸ್ನೇಹಿತರು ಸಿಕ್ಕಿದ್ರಾ?"

"ಹೂಂ ಅಮ್ಮಾ, ಬೇಕಾದಷ್ಟು ಜನ ಇದಾರೆ."

ಸುಳ್ಳು! ಹಸಿ ಸುಳ್ಳು! ನಿನ್ನ ಅಮ್ಮನಿಗೂ ಅದು ಗೊತ್ತು. ಗೊತ್ತಿದ್ದೂ ಅವಳು ಏನೂ ಕೇಳದೆ ಫೋನು ಇಡುತ್ತಾಳೆ, ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾಳೆ.

ಭಾಷೆಗಾಗಿ ಬೀದಿಗಿಳಿಯುವವರ ಪತ್ರಿಕೆಗೆ ಒಬ್ಬ ಹುಡುಗನ ಒಂಟಿತನದ ಉಸಾಬರಿ ಯಾಕೆ ಎಂದು ನೀನು ಕೇಳಬಹುದು. ಯಾಕೆಂದರೆ ನಿನ್ನದು ಬರೀ ಮನಸ್ಸಿನ ಪ್ರಶ್ನೆಯಲ್ಲ, ನುಡಿಯ ಪ್ರಶ್ನೆ. ಅದನ್ನು ಎದೆ ಮುಟ್ಟಿ ಹೇಳುವವರು ಯಾರೂ ಇಲ್ಲದ್ದರಿಂದ ನಾವು ಹೇಳುತ್ತಿದ್ದೇವೆ. ಬೇಸರವಾದರೂ ಪೂರ್ತಿ ಓದು.

ನೀನೊಬ್ಬನೇ ಅಲ್ಲ

ಮೊದಲು ಒಂದು ಮಾತು. ಒಂಟಿಯಾಗಿದ್ದೇನೆ ಎಂದು ಹೇಳಿಕೊಳ್ಳುವುದು ನಾಚಿಕೆಯ ಸಂಗತಿಯಲ್ಲ. ಬ್ರಿಟನ್ 2018ರಲ್ಲಿ ಒಂಟಿತನದ ವಿಷಯಕ್ಕೆಂದೇ ಒಬ್ಬ ಮಂತ್ರಿಯನ್ನು ನೇಮಿಸಿತು. ಜಪಾನ್ 2021ರಲ್ಲಿ ಅದೇ ದಾರಿ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇದಕ್ಕಾಗಿ ಒಂದು ಆಯೋಗವನ್ನೇ ರಚಿಸಿತು. ಆ ಆಯೋಗ 2025ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ.

ಜರ್ಮನಿಗೆ ಹೋದವರಲ್ಲೂ ನೀನು ಒಬ್ಬನೇ ಅಲ್ಲ. 2023-24ರ ಚಳಿಗಾಲದ ಅವಧಿಯಲ್ಲಿ ಅಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಗಳು ಸುಮಾರು 49 ಸಾವಿರ. ಚೀನಾದವರನ್ನೂ ಹಿಂದೆ ಹಾಕಿ ನಮ್ಮವರೇ ಅಲ್ಲಿನ ಅತಿ ದೊಡ್ಡ ವಿದೇಶಿ ವಿದ್ಯಾರ್ಥಿ ಬಳಗವಾಗಿದ್ದಾರೆ. ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚಿಗೆಂದು ಬ್ಯಾಂಕಿನಲ್ಲಿ ಕಟ್ಟಿಡಬೇಕಾದ ಹಣವನ್ನು 2024ರ ಸೆಪ್ಟೆಂಬರಿನಲ್ಲಿ 11,904 ಯೂರೋಗೆ ಏರಿಸಿದರು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಮಿಗಿಲು! ಎಷ್ಟೋ ಅಪ್ಪಂದಿರು ಸೈಟು ಮಾರಿ, ಚಿನ್ನ ಅಡವಿಟ್ಟು, ಸಾಲ ಎತ್ತಿ ಈ ಹಣ ಹೊಂದಿಸಿದ್ದಾರೆ. ಅಷ್ಟು ಕೊಟ್ಟು ಹೋದ ಊರಿನಲ್ಲಿ ಬಾಯಿ ಹೊಲಿದುಕೊಂಡು ಕೂರುವುದಾದರೆ ಅದಕ್ಕಿಂತ ದೊಡ್ಡ ನಷ್ಟ ಯಾವುದು?

'ಇಂಗ್ಲಿಷ್ ಸಾಕು' ಎಂಬ ಹಳೆಯ ಸುಳ್ಳು

ನಿನ್ನ ಕೋರ್ಸು ಇಂಗ್ಲಿಷಿನಲ್ಲಿ. ಕಂಪನಿಯ ಮೀಟಿಂಗು ಇಂಗ್ಲಿಷಿನಲ್ಲಿ. ಆದ್ದರಿಂದ ಜರ್ಮನ್ ಯಾಕೆ ಬೇಕು ಅಂದುಕೊಂಡೆ. ಹೋಗುವ ಮೊದಲು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಒಂದು ಹಂತ ಕಲಿತೆ, ಪರೀಕ್ಷೆ ಪಾಸಾದ ಮರುದಿನವೇ ಪುಸ್ತಕ ಮಡಚಿ ಅಟ್ಟಕ್ಕೆಸೆದೆ.

ಈಗ ಮಧ್ಯಾಹ್ನದ ಊಟದ ಮೇಜಿನಲ್ಲಿ ಏನಾಗುತ್ತದೆ ಹೇಳಲೇ? ನಿನಗೋಸ್ಕರ ಹತ್ತು ನಿಮಿಷ ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಮರ್ಯಾದಸ್ಥರು. ಆಮೇಲೆ ಒಬ್ಬ ಏನೋ ತಮಾಷೆ ಹೇಳುತ್ತಾನೆ, ಅವನ ಭಾಷೆಯಲ್ಲಿ. ಎಲ್ಲರೂ ನಗುತ್ತಾರೆ. ನೀನೂ ನಗುತ್ತೀಯ, ಅರ್ಥವಾಗದೆ, ಅರ್ಧ ಸೆಕೆಂಡು ತಡವಾಗಿ. ಆ ಅರ್ಧ ಸೆಕೆಂಡಿನಲ್ಲಿದೆ ತಮ್ಮಾ ನಿನ್ನ ಒಂಟಿತನ! ಮನುಷ್ಯರು ಕೆಲಸವನ್ನು ಯಾವ ಭಾಷೆಯಲ್ಲಾದರೂ ಮಾಡಿಯಾರು. ತಮಾಷೆ ಮಾಡುವುದು, ಬೈಯುವುದು, ಮಗುವನ್ನು ಮುದ್ದಿಸುವುದು, ಸತ್ತವರನ್ನು ನೆನೆದು ಅಳುವುದು ಮಾತ್ರ ತಮ್ಮ ಭಾಷೆಯಲ್ಲೇ. ಆ ಭಾಷೆ ಬಾರದವನು ಕಚೇರಿಯೊಳಗೆ ಹೋಗಬಲ್ಲ, ಮನೆಯೊಳಗೆ ಹೋಗಲಾರ.

ಮೆಟ್ಟಿಲ ಬಳಿ ಅಂಟಿಸಿದ ನೋಟೀಸನ್ನು ಮೊಬೈಲಿನಲ್ಲಿ ಫೋಟೋ ತೆಗೆದು ತರ್ಜುಮೆ ಮಾಡಿಕೊಳ್ಳುತ್ತೀಯ. ಸರಿ, ನೋಟೀಸನ್ನು ಮೊಬೈಲು ಓದೀತು. ಮೆಟ್ಟಿಲಲ್ಲಿ ಎದುರಾದ ಮುದುಕಿ ಕೈಚೀಲ ಕೆಳಗಿಟ್ಟು ನಿಂತು ಏನೋ ಹೇಳಬಯಸಿದಾಗ? ಮೊಬೈಲು ತೆಗೆಯುವಷ್ಟರಲ್ಲಿ ಅವಳು ಹೋಗಿಯಾಗಿರುತ್ತದೆ.

ಈಗ ಕೇಳು, ಕಹಿಯಾದರೂ ಕೇಳು. 'ಇಂಗ್ಲಿಷ್ ಸಾಕು, ಇಲ್ಲಿಯ ಭಾಷೆ ಯಾಕೆ' ಎಂಬ ಈ ಮಾತನ್ನು ನೀನು ಮೊದಲು ಕೇಳಿದ್ದು ಎಲ್ಲಿ? ಕೋರಮಂಗಲದಲ್ಲಿ! ವೈಟ್‌ಫೀಲ್ಡಿನಲ್ಲಿ! 'ಹತ್ತು ವರ್ಷದಿಂದ ಬೆಂಗಳೂರಲ್ಲಿದೀನಿ, ಕನ್ನಡದ ಅಗತ್ಯವೇ ಬೀಳಲಿಲ್ಲ' ಎಂದು ಒಬ್ಬ ಹಮ್ಮಿನಿಂದ ಹೇಳಿದಾಗ ನಿನ್ನ ರಕ್ತ ಕುದಿದಿತ್ತು. ನವೆಂಬರ್ ಒಂದರಂದು ಹೆಗಲಿಗೆ ಹಳದಿ ಕೆಂಪು ಶಾಲು ಹೊದ್ದು 'ಈ ನೆಲದ ಅನ್ನ ತಿನ್ನುವವನು ಈ ನೆಲದ ನುಡಿ ಕಲಿಯಲಿ' ಎಂದು ಕೂಗಿದ್ದೆ. ನಾವೂ ನಿನ್ನ ಜೊತೆ ಕೂಗಿದ್ದೆವು.

ಇಂದು ಸ್ಟುಟ್‌ಗಾರ್ಟ್‌ನಲ್ಲಿ ನೀನೇ ಆ ಮನುಷ್ಯನಾಗಿದ್ದೀಯ. ಕನ್ನಡಿ ನೋಡಿಕೋ!

ನಮ್ಮ ಘೋಷಣೆ ಬೆಂಗಳೂರಿಗೆ ಮಾತ್ರ ಅನ್ವಯಿಸುವುದಾದರೆ ಅದು ನ್ಯಾಯವಲ್ಲ, ಬರೀ ದೌಲತ್ತು. ಬಾಳುವ ನೆಲದ ನುಡಿಗೆ ಮರ್ಯಾದೆ ಕೊಡಬೇಕೆಂಬುದು ಕನ್ನಡಿಗನಿಗೆ ಸಲ್ಲುವ ನ್ಯಾಯವಾದರೆ ಜರ್ಮನನಿಗೂ ಸಲ್ಲಬೇಕು. ನೀನು ಅಲ್ಲಿ ಜರ್ಮನ್ ಕಲಿಯದೆ ಐದು ವರ್ಷ ಕಳೆದು ಬಂದರೆ, ಇಲ್ಲಿ ಯಾವ ಬಾಯಿಂದ ಕನ್ನಡ ಕಲಿಯಿರಿ ಅನ್ನುತ್ತೀಯ? ಪರದೇಶದಲ್ಲಿ ಒಬ್ಬ ಕನ್ನಡಿಗ ಆ ನೆಲದ ಭಾಷೆ ಕಲಿತರೆ ಅದು ಕನ್ನಡಕ್ಕೆ ಮಾಡಿದ ದ್ರೋಹವಲ್ಲ. ಕನ್ನಡ ಚಳವಳಿಗೆ ಅವನು ಕೊಟ್ಟ ಬಲ!

ಅವರು ಬಂದಾಗ ಅವರಿಗೆ ಯಾರಿದ್ದರು?

ನಿನ್ನ ಕೋಣೆ ಇರುವ ಆ ಸೀಮೆಯಿಂದಲೇ ಒಬ್ಬ ಹುಡುಗ ನಮ್ಮ ನಾಡಿಗೆ ಬಂದಿದ್ದ. ಸ್ಟುಟ್‌ಗಾರ್ಟ್‌ನಿಂದ ಬಹಳ ದೂರವಿಲ್ಲದ ಬ್ರಾಕನ್‌ಹೈಮ್ ಎಂಬ ಊರಿನವನು. ಹೆಸರು ಹರ್ಮನ್ ಮೊಗ್ಲಿಂಗ್. 1836ರಲ್ಲಿ ಮಂಗಳೂರಿಗೆ ಬಂದಾಗ ವಯಸ್ಸು ಇಪ್ಪತ್ತೈದು. ಈಗ ನಿನಗಿರುವ ವಯಸ್ಸೇ! ಏಳು ವರ್ಷ ಕಳೆಯುವಷ್ಟರಲ್ಲಿ, 1843ರ ಜುಲೈ 1ರಂದು, ಆತ ಕನ್ನಡದ ಮೊಟ್ಟಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಇಂದಿಗೂ ಜುಲೈ 1ನ್ನು ನಾವು ಪತ್ರಿಕಾ ದಿನ ಎಂದು ಆಚರಿಸುತ್ತೇವೆ. ನಿನ್ನ ಕೈಯಲ್ಲಿರುವ ಈ ಕಾಗದಕ್ಕೂ ಅವರೇ ಮೂಲಪುರುಷರು.

ಇನ್ನೊಬ್ಬರು ಫರ್ಡಿನಾಂಡ್ ಕಿಟೆಲ್. ಜರ್ಮನಿಯ ಉತ್ತರ ತೀರದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿ 1853ರಲ್ಲಿ ನಮ್ಮ ನಾಡಿಗೆ ಬಂದರು. ಇಪ್ಪತ್ತೊಂದು ವರ್ಷದ ಹುಡುಗ. ಫೋನಿಲ್ಲ, ವಿಡಿಯೋ ಕಾಲ್ ಇಲ್ಲ, ಮನೆಯಿಂದ ಒಂದು ಕಾಗದ ಬರಬೇಕಾದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕು. ನಮ್ಮ ಬಿಸಿಲು, ನಮ್ಮ ಖಾರ, ನಮ್ಮ ಜ್ವರ. ಅವರು ಕನ್ನಡ ಕಲಿತರು. ಹಳೆಯ ಗ್ರಂಥಗಳನ್ನು ಜಾಲಾಡಿ, ಪಂಡಿತರನ್ನು ಕೇಳಿ, ಜನರ ಬಾಯಿಮಾತನ್ನು ಹೆಕ್ಕಿ, ಸುಮಾರು 70 ಸಾವಿರ ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ದೇಶ ಸುತ್ತು, ಇಲ್ಲವೇ ಕೋಶ ಓದು ಅನ್ನುತ್ತದೆ ನಮ್ಮ ಗಾದೆ. ಈ ಮಹಾನುಭಾವರು ದೇಶ ಸುತ್ತಿ ಕೋಶವನ್ನೇ ಬರೆದಿಟ್ಟರು!

ಅವರು ಬಂದದ್ದು ಮತಪ್ರಚಾರಕ್ಕೆ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಇನ್ನೊಬ್ಬರ ನುಡಿ ಕಲಿಯುವ ಕೆಲಸಕ್ಕೆ ಒಂದು ಗುಣವಿದೆ. ಅದನ್ನು ಗರ್ವದಿಂದ ಮಾಡಲು ಬರುವುದಿಲ್ಲ. 'ಇದಕ್ಕೇನಂತೀರಿ?' ಎಂದು ಕೂಲಿಯವನನ್ನೂ ಕೇಳಬೇಕು, ಮಗುವನ್ನೂ ಕೇಳಬೇಕು. ತಪ್ಪು ಮಾತಾಡಿ ನಗೆಪಾಟಲಾಗಬೇಕು. ಹಾಗೆ ಕೇಳುತ್ತಾ ಕೇಳುತ್ತಾ ಬಂದವನು ಪರಕೀಯನಾಗಿ ಉಳಿಯುವುದಿಲ್ಲ. ಎಂ.ಜಿ. ರಸ್ತೆಯಲ್ಲಿ, ಮೇಯೋ ಹಾಲ್ ಬಳಿ ಕಿಟೆಲ್ ಅವರ ಪ್ರತಿಮೆ ನಿಂತಿದೆ. ಕನ್ನಡಿಗರು ಒಬ್ಬ ಜರ್ಮನನನ್ನು ನಮ್ಮವನೆಂದು ಎತ್ತಿ ನಿಲ್ಲಿಸಿದ್ದು ಅವರ ಬಣ್ಣಕ್ಕಲ್ಲ, ಅವರ ನಾಲಿಗೆಗೆ.

ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ ಪಟ್ಟಣದಲ್ಲಿ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಹೆಚ್ಚೆಂದರೆ ಒಂದು ಗಂಟೆ ಹಾದಿ. ಐಫೆಲ್ ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಪ್ಯಾರಿಸಿನವರೆಗೆ ಹೋಗುವ ನೀನು ಒಂದು ಭಾನುವಾರ ಅಲ್ಲಿಗೂ ಹೋಗಿ ಬಾ.

ಜರ್ಮನರು ತಣ್ಣಗಿನ ಜನವೇ?

'ಅಲ್ಲಿಯವರು ಸೇರೋದಿಲ್ಲ ಸಾರ್, ತುಂಬಾ ಕೋಲ್ಡು' ಎಂಬುದು ನಿನ್ನ ದೂರು. ತಣ್ಣಗಿರುವುದು ಅಲ್ಲಿಯ ಹವೆ. ಜನರ ಮನಸ್ಸಿಗೆ ಹೋಗುವ ಬಾಗಿಲು ಬೇರೆ ಕಡೆ ಇದೆ, ನೀನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೀಯ, ಅಷ್ಟೆ.

ನಮ್ಮಲ್ಲಿ 'ಈ ಕಡೆ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗೋಣ ಅಂತ' ಎಂದು ಮನೆಗೆ ನುಗ್ಗಬಹುದು. ಅಲ್ಲಿ ಮೊದಲೇ ಹೇಳಿ, ದಿನ ಗೊತ್ತು ಮಾಡಿಕೊಂಡು ಹೋಗಬೇಕು. ಅದು ತಿರಸ್ಕಾರವಲ್ಲ, ನಿನಗಾಗಿ ಎರಡು ಗಂಟೆ ಎತ್ತಿಟ್ಟೆ ಎಂಬ ಮರ್ಯಾದೆ. ನಮ್ಮಲ್ಲಿ ಒಂದು ಬಸ್ ಪ್ರಯಾಣದಲ್ಲಿ ಸ್ನೇಹವಾಗುತ್ತದೆ. ಅಲ್ಲಿ ಪರಿಚಿತನಿಗೆ ಒಂದು ಪದ, ಸ್ನೇಹಿತನಿಗೆ ಇನ್ನೊಂದು ಪದ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ವರ್ಷ ಹಿಡಿಯಬಹುದು. ಹಾಗೆ ಹೋದ ಮೇಲೆ ಅದು ಸುಲಭಕ್ಕೆ ಕಳಚಿ ಬೀಳುವುದಿಲ್ಲ.

ಇನ್ನೊಂದು ಗುಟ್ಟು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'. ಜರ್ಮನ್‌ನಲ್ಲಿ ಹಾಗಲ್ಲ. ಹಿರಿಯರಿಗೆ, ಹೊಸಬರಿಗೆ 'ಝೀ'. ಆಪ್ತರಿಗೆ 'ಡೂ'. ಇದೇನು ಕನ್ನಡಿಗನಿಗೆ ಹೊಸದೇ? ನಮ್ಮ 'ನೀವು', ನಮ್ಮ 'ನೀನು'! ಇಂಗ್ಲಿಷ್ ಮಾತ್ರ ಬಲ್ಲವನು ಇದನ್ನು ವ್ಯಾಕರಣವೆಂದು ಉರುಹೊಡೆಯಬೇಕು. ನಿನಗೆ ಅದು ಅಜ್ಜಿಯ ಮಡಿಲಲ್ಲೇ ಬಂದಿದೆ. ಹಿರಿಯರೊಬ್ಬರು 'ಇನ್ನು ಮೇಲೆ ನಾವು ಡೂ ಅನ್ನೋಣ' ಎಂದ ದಿನ ಒಂದು ಬಾಗಿಲು ತೆರೆಯಿತೆಂದು ತಿಳಿ. ಆ ಮಾತು ಹಿರಿಯರ ಬಾಯಿಂದಲೇ ಬರಬೇಕು, ಕಿರಿಯರು ಮುಂದಾಗಿ ಹೇಳಬಾರದು. ಇದೂ ನಮ್ಮ ರೀತಿಯೇ ಅಲ್ಲವೇ?

ನಮ್ಮ ಅರಳಿಕಟ್ಟೆಯ ಜಾಗದಲ್ಲಿ ಅಲ್ಲಿ 'ಫೆರೈನ್' ಎಂಬ ಸಂಘಗಳಿವೆ. ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ಬರೀ ಆಟೋಟದ ಸಂಘಗಳೇ ದೇಶದಲ್ಲಿ ಸುಮಾರು 86 ಸಾವಿರ. ಹಾಡುವವರ ಸಂಘ, ಬೆಟ್ಟ ನಡೆಯುವವರ ಸಂಘ, ಚೆಸ್ ಸಂಘ, ಕೈತೋಟದವರ ಸಂಘ. ಹಳ್ಳಿ ಪಟ್ಟಣಗಳಲ್ಲಿ ಬೆಂಕಿ ಆರಿಸುವ ದಳಗಳಲ್ಲೂ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರೇ ಹೆಚ್ಚು, ಲಕ್ಷಾಂತರ ಜನ. ಪ್ರತಿ ಗುರುವಾರ ಸಂಜೆ ಏಳಕ್ಕೆ ಅದೇ ಮುಖಗಳು, ಅದೇ ಕೋಣೆ, ಅದೇ ಕೆಲಸ. ಮೊದಲ ತಿಂಗಳು ಯಾರೂ ನಿನ್ನನ್ನು ಗಮನಿಸುವುದಿಲ್ಲ. ಮೂರನೆಯ ತಿಂಗಳು ನೀನು ಒಂದು ವಾರ ತಪ್ಪಿಸಿಕೊಂಡರೆ 'ಯಾಕೆ ಬರಲಿಲ್ಲ?' ಅನ್ನುತ್ತಾರೆ. ಆ ಒಂದು ಪ್ರಶ್ನೆಗಾಗಿ ತಾನೇ ನೀನು ಹಂಬಲಿಸುತ್ತಿರುವುದು?

ಸ್ಟುಟ್‌ಗಾರ್ಟ್ ಸೀಮೆಯ ಎಷ್ಟೋ ಕಟ್ಟಡಗಳಲ್ಲಿ ಇಂದಿಗೂ 'ಕೇರ್‌ವೋಖೆ' ಎಂಬ ಪದ್ಧತಿಯಿದೆ. ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಇಲ್ಲಿ ಪೊರಕೆ ಮುಟ್ಟದ ನಮ್ಮ ರಾಜಕುಮಾರರಿಗೆ ಅಲ್ಲಿ ಇದು ಅವಮಾನ! ಮೂರ್ಖತನ ಬಿಡು. ಹೊಸಬನೊಬ್ಬ ತನ್ನ ಪಾಳಿಯ ಶನಿವಾರ ಬಕೆಟ್ಟು ಹಿಡಿದು ಮೆಟ್ಟಿಲು ಒರೆಸಿದ ಎಂಬ ಸುದ್ದಿ ನಾಲ್ಕೂ ಮಹಡಿಗೆ ಮುಟ್ಟುತ್ತದೆ. ರಾತ್ರಿ ಹತ್ತರ ಮೇಲೆ ಗದ್ದಲ ಮಾಡಬೇಡ. ನಿನ್ನ ಹುಟ್ಟುಹಬ್ಬಕ್ಕೆ ಆಫೀಸಿಗೆ ನೀನೇ ಕೇಕು ಒಯ್ಯಬೇಕು, ಅವರು ತರಲೆಂದು ಕಾಯಬೇಡ. ಯಾರಿಗೂ ಹುಟ್ಟುಹಬ್ಬದ ಮುಂಚಿನ ದಿನ ಶುಭಾಶಯ ಹೇಳಬೇಡ, ಅಪಶಕುನವೆನ್ನುತ್ತಾರೆ. ಇವು ಸಣ್ಣ ಸಂಗತಿಗಳು. ಆದರೆ ಹೊಂದಿಕೊಳ್ಳುವುದು ಅಂದರೆ ಇಂಥ ನೂರು ಸಣ್ಣ ಸಂಗತಿಗಳೇ. ಸೂಟು ಹಾಕಿ ಬಿಯರು ಕುಡಿಯುವುದಲ್ಲ.

ನೀನು ಪುಸ್ತಕದಲ್ಲಿ ಕಲಿತ ಜರ್ಮನ್ ಅಲ್ಲಿ ಕೇಳಿಸುವುದಿಲ್ಲ ಎಂಬ ಗೋಳೂ ಉಂಟು. ಹೌದು, ಅಲ್ಲಿಯವರದು ಶ್ವಾಬಿಷ್ ಎಂಬ ಆಡುನುಡಿ. ಮೈಸೂರಿನವನು ಧಾರವಾಡಕ್ಕೆ ಹೋದ ಮೊದಲ ವಾರ ಒದ್ದಾಡುವುದಿಲ್ಲವೇ, ಹಾಗೆ. ಆ ರಾಜ್ಯದ ಸರಕಾರವೇ 1999ರಲ್ಲಿ ಜಾಹೀರಾತು ಹೊರಡಿಸಿ, ನಮಗೆ ಎಲ್ಲವೂ ಬರುತ್ತದೆ, ಶಿಷ್ಟ ಜರ್ಮನ್ ಒಂದನ್ನು ಬಿಟ್ಟು, ಎಂದು ಜಂಬ ಕೊಚ್ಚಿಕೊಂಡಿತು! ನಮ್ಮ ಆಡುಗೋಡಿಯ ಮೈಕೋ ಕಾರ್ಖಾನೆಯ ಮೂಲ ಕಂಪನಿ ಬಾಷ್ ಆ ನೆಲದ್ದು. ಮರ್ಸಿಡಿಸ್ ಕಾರು ಆ ನೆಲದ್ದು. ಜಗತ್ತಿಗೇ ಯಂತ್ರ ಮಾರುವ ಜನ ತಮ್ಮ ಮನೆಮಾತಿನ ಬಗ್ಗೆ ನಾಚಲಿಲ್ಲ. ಕನ್ನಡ ಮಾತಾಡಿದರೆ ಹಳ್ಳಿಗುಗ್ಗು ಅಂದಾರೆಂದು ಮಾಲ್‌ಗಳಲ್ಲಿ ದನಿ ತಗ್ಗಿಸುವವರು ನಾವು!

ಒಂದು ಮಾತನ್ನು ಮುಚ್ಚಿಡಬಾರದು. ಭಾಷೆ ಕಲಿತರೆ ಎಲ್ಲ ಬಾಗಿಲೂ ತೆರೆಯುತ್ತದೆಂದು ನಾವು ಹೇಳುವುದಿಲ್ಲ. ಚರ್ಮದ ಬಣ್ಣ ನೋಡಿ ಮನೆ ಕೊಡದವರು ಅಲ್ಲೂ ಇದ್ದಾರೆ. ಜಾತಿ ಕೇಳಿ ಮನೆ ಕೊಡದವರು ಇಲ್ಲಿಲ್ಲವೇ? ತಾರತಮ್ಯದ ವಿರುದ್ಧ ಜರ್ಮನಿಯಲ್ಲಿ 2006ರಿಂದ ಕಾನೂನಿದೆ. ಆದರೆ ದೂರು ಕೊಡುವುದಕ್ಕೂ ಬಾಯಿ ಬೇಕು. ಮೂಕನಿಗೆ ಯಾವ ಕಾನೂನೂ ಇಲ್ಲ. ಇನ್ನು, ನಿದ್ದೆ ಹತ್ತುವುದಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಎಂಬಲ್ಲಿಗೆ ಹೋಗಿದ್ದರೆ ಅದು ಸಂಘ ಸೇರಿ ಕಳೆಯುವ ಕಷ್ಟವಲ್ಲ. ವೈದ್ಯರ ಬಳಿ ಹೋಗು. ವಿಶ್ವವಿದ್ಯಾಲಯದ ಪಟ್ಟಣಗಳಲ್ಲಿ ವಿದ್ಯಾರ್ಥಿಗಳಿಗೆಂದೇ ಮನಸ್ಸಿನ ಸಲಹಾ ಕೇಂದ್ರಗಳಿವೆ. ಅದರಲ್ಲಿ ಸಂಕೋಚವೇನೂ ಇಲ್ಲ.

'ನಾವೆಲ್ಲ ಇಂಡಿಯನ್ಸ್' ಗುಂಪಿನ ಮೂಕ ಬಸವಣ್ಣ

ಜರ್ಮನರ ಜೊತೆ ಆಗಲಿಲ್ಲವೆಂದು ನೀನು ಓಡಿಹೋದದ್ದು ಎಲ್ಲಿಗೆ? ಭಾರತೀಯರ ಗುಂಪಿಗೆ. ಒಳ್ಳೆಯದೇ. ಹೊಸ ಊರಲ್ಲಿ ಮೊದಲ ವಾರ ಅಕ್ಕಿ ಎಲ್ಲಿ ಸಿಗುತ್ತದೆಂದು ಹೇಳಿದವರು ಅವರೇ. ಆದರೆ ಆ ಗುಂಪಿನಲ್ಲಿ ನಡೆಯುವುದು ಯಾವ ಭಾಷೆ? ಹಿಂದಿ. ಹತ್ತು ಜನರಲ್ಲಿ ತಮಿಳಿನವನೊಬ್ಬ, ತೆಲುಗಿನವನೊಬ್ಬ, ಮಲಯಾಳಿಯೊಬ್ಬ, ನೀನೊಬ್ಬ ಇದ್ದರೂ ಮಾತು ಹಿಂದಿಯಲ್ಲೇ. ನಿನಗೆ ಸಿನಿಮಾ ನೋಡಿ ಕಲಿತ ಹರುಕು ಮುರುಕು ಹಿಂದಿ. ತಮಾಷೆ ಅರ್ಥವಾಗುವಷ್ಟರಲ್ಲಿ ನಗುವ ಸರದಿ ಮುಗಿದಿರುತ್ತದೆ. ಅಲ್ಲೂ ಅರ್ಧ ಸೆಕೆಂಡು ತಡ! ಜರ್ಮನರ ಮೇಜಿನಲ್ಲೂ ಹೊರಗಿನವನು, ಭಾರತೀಯರ ಮೇಜಿನಲ್ಲೂ ಹೊರಗಿನವನು.

ಹಿಂದಿಯವರ ಮೇಲೆ ನಮಗೆ ದ್ವೇಷವಿಲ್ಲ. ಅವರು ತಮ್ಮ ಮಾತನ್ನು ತಾವು ಆಡುತ್ತಾರೆ, ಅದು ಅವರ ಹಕ್ಕು. ಅವರ ಮಾತೇ ಎಲ್ಲ ಭಾರತೀಯರ ಮಾತು ಎಂದು ನೀನು ತಲೆಬಾಗಿ ಒಪ್ಪಿಕೊಂಡೆಯಲ್ಲ, ಕೋಪ ಬರುವುದು ಅದಕ್ಕೆ. 'ನನಗೆ ಹಿಂದಿ ಅಷ್ಟು ಬಾರದು, ನನ್ನದು ಕನ್ನಡ' ಎಂದು ನಗುನಗುತ್ತಲೇ ಹೇಳಿ ನೋಡು. ಪಕ್ಕದ ತಮಿಳಿನವನೂ ಮಲಯಾಳಿಯೂ ನಿಟ್ಟುಸಿರು ಬಿಟ್ಟು ನಿನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುತ್ತಾರೆ.

ಕನ್ನಡ ಕೂಟವೋ, ಹೋಳಿಗೆ ಕೂಟವೋ?

ಪರದೇಶದ ಕನ್ನಡ ಸಂಘಗಳ ಹಿರಿಯರಿಗೆ ಈಗ ಎರಡು ಮಾತು. ಹೊರನಾಡಿನಲ್ಲಿ ಸಂಘ ಕಟ್ಟುವುದು ಕನ್ನಡಿಗನಿಗೆ ಹೊಸದಲ್ಲ. ಮುಂಬಯಿಯ ಮೈಸೂರು ಅಸೋಸಿಯೇಷನ್ 1926ರಲ್ಲೇ ಹುಟ್ಟಿತು. ಅಮೆರಿಕದ ಕೂಟಗಳೆಲ್ಲ ಸೇರಿ 1998ರಲ್ಲಿ 'ಅಕ್ಕ' ಕಟ್ಟಿದವು. ಯೂರೋಪಿನ ಊರುಗಳಲ್ಲೂ ಕನ್ನಡ ಬಳಗಗಳಿವೆ. ಇವು ದೊಡ್ಡ ಕೆಲಸಗಳೇ.

ಆದರೆ ಎಷ್ಟು ಕಡೆ ಕೂಟವೆಂದರೆ ವರ್ಷಕ್ಕೆರಡು ಊಟ! ಯುಗಾದಿಗೆ ಹೋಳಿಗೆ, ರಾಜ್ಯೋತ್ಸವಕ್ಕೆ ಬಿಸಿಬೇಳೆ ಭಾತ್. ಬೆಂಗಳೂರಿನಿಂದ ಸಿನಿಮಾ ನಟರನ್ನು ಕರೆಸಿ ಫೋಟೋ. ವೇದಿಕೆಯ ಮೇಲೆ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡ ಹಾಡು, ವೇದಿಕೆ ಇಳಿದೊಡನೆ ಇಂಗ್ಲಿಷೇ. ಹೊಸದಾಗಿ ಬಂದ ಹುಡುಗ ಮೂಲೆಯಲ್ಲಿ ತಟ್ಟೆ ಹಿಡಿದು ನಿಂತಿದ್ದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ 'ನೀವು ಯಾವ ಕಡೆಯವರು?' ಊರು ಹೇಳಿದರೆ ತೃಪ್ತಿಯಿಲ್ಲ, ಅವರಿಗೆ ಬೇಕಾದದ್ದು ಜಾತಿ. ಒಂಟಿಯಾಗಿ ಬಂದ ಹುಡುಗಿಗೆ ಕೇಳುವ ಪ್ರಶ್ನೆ 'ಮದುವೆ ಯಾವಾಗ?' ಆ ಮಕ್ಕಳು ಮುಂದಿನ ಸಲ ಯಾಕೆ ಬಂದಾರು? ಸಮುದ್ರ ದಾಟಿದರೂ ಜಾತಿಯ ಗಂಟು ಮಾತ್ರ ಕೈಬಿಡಲಿಲ್ಲ, ಕನ್ನಡದ ಗಂಟನ್ನು ಮಾತ್ರ ದಾರಿಯಲ್ಲೇ ಕಳೆದುಕೊಂಡಿರಿ!

ಕೂಟವೆಂದರೆ ಏನಿರಬೇಕು? ಹೊಸ ಹುಡುಗ ಬಂದಿಳಿದಾಗ ನಿಲ್ದಾಣದಲ್ಲಿ ಕನ್ನಡದಲ್ಲಿ ಹೆಸರು ಹಿಡಿದು ಒಬ್ಬರು ನಿಂತಿರಬೇಕು. ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕೆಂಬ ನಿಯಮ ತಿಳಿಸಿ ಕಚೇರಿಗೆ ಕರೆದೊಯ್ಯಬೇಕು. ಮನೆ ಹುಡುಕಲು ಜೊತೆಗಿರಬೇಕು. ಜ್ವರ ಬಂದರೆ ಗಂಜಿ ತಂದುಕೊಡಬೇಕು. ಯಾರಾದರೂ ಅಲ್ಲೇ ತೀರಿಕೊಂಡರೆ ದೇಹವನ್ನು ಊರಿಗೆ ಮುಟ್ಟಿಸಲು ಓಡಾಡಬೇಕು. ಇಷ್ಟನ್ನು ಸದ್ದಿಲ್ಲದೆ ಮಾಡುತ್ತಿರುವ ಕನ್ನಡಿಗರು ಅಲ್ಲಿದ್ದಾರೆ, ಅವರಿಗೆ ನಮ್ಮ ನಮಸ್ಕಾರ. ಅಂಥ ಕೂಟ ನಿನ್ನ ಊರಲ್ಲಿ ಇಲ್ಲವೇ? ದೂರಬೇಡ. ಏಳು ಜನ ಸಾಕೆಂದು ಮೇಲೆ ಹೇಳಿದ್ದೇವೆ. ನೀನೇ ಕಟ್ಟು!

ಜೊತೆಗೆ ಇದನ್ನೂ ತಿಳಿ. ಕೂಟ ಒಂದು ಊರೆಗೋಲು, ಅದೇ ಕೋಟೆಯಾಗಬಾರದು. ಕನ್ನಡಿಗರ ಮಧ್ಯೆಯೇ ಅಡಗಿ ಕುಳಿತು ಜರ್ಮನಿಯ ಗಾಳಿ ಸೋಕದಂತೆ ಬದುಕಿದರೆ ಅದೂ ಒಂಟಿತನವೇ, ಗುಂಪಿನ ಒಂಟಿತನ. ವಿಶ್ವವಿದ್ಯಾಲಯಗಳಲ್ಲಿ ಒಬ್ಬರಿಗೊಬ್ಬರು ಭಾಷೆ ಕಲಿಸುವ ಜೋಡಿ ಪದ್ಧತಿಯಿದೆ. ನೀನು ಅವನಿಗೆ ಕನ್ನಡ, ಅವನು ನಿನಗೆ ಜರ್ಮನ್. 'ಕನ್ನಡ ಯಾರು ಕಲಿತಾರು ಸಾರ್' ಅನ್ನಬೇಡ. ಪ್ರೊ. ಬಿ.ಎ. ವಿವೇಕ ರೈ ಅವರು ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಜರ್ಮನ್ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಿ ಬಂದಿದ್ದಾರೆ. ಅವರಿಗೆ ಕಲಿಯಲು ನಾಚಿಕೆಯಿಲ್ಲ, ನಿನಗೆ ಕಲಿಸಲು ನಾಚಿಕೆಯೇ?

ಇಲ್ಲಿಗೆ ಬಂದ ಒಂಟಿಗನಿಗೆ ನಾವೇನು ಮಾಡಿದೆವು?

ಕೊನೆಯ ಮಾತು ಇಲ್ಲೇ ಬೆಂಗಳೂರಿನಲ್ಲಿ ಕುಳಿತು ಇದನ್ನು ಓದುತ್ತಿರುವ ನಿನಗೆ, ನಮಗೆ, ಎಲ್ಲರಿಗೂ.

ಸ್ಟುಟ್‌ಗಾರ್ಟ್‌ನ ಬೇಕರಿಯಲ್ಲಿ ನೀನು ಧೈರ್ಯ ಮಾಡಿ ಜರ್ಮನ್‌ನಲ್ಲಿ ಬ್ರೆಡ್ಡು ಕೇಳಿದೆ. ನಿನ್ನ ತೊದಲು ಕೇಳಿ ಆಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಉಪಕಾರ ಮಾಡಿದೆನೆಂದೇ ಆಕೆಯ ಭಾವನೆ. ನಿನಗೆ ಮಾತ್ರ ಮುಖದ ಮೇಲೆ ಬಾಗಿಲು ಹಾಕಿದಂತಾಯಿತು. ಆದೀತಲ್ಲವೇ? ಇನ್ನು ನೆನೆಸಿಕೋ. ಮಾರತ್‌ಹಳ್ಳಿಯ ಪೀಜಿಯಲ್ಲಿ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗ, ನಿನ್ನಂತೆಯೇ ಒಂಟಿ, ನಿನ್ನಂತೆಯೇ ಅಮ್ಮನಿಗೆ ಸುಳ್ಳು ಹೇಳುವವನು, 'ಅಣ್ಣಾ, ಸ್ವಲ್ಪ ನೀರು ಕೊಡಿ' ಎಂದು ತೊದಲಿದಾಗ ನೀನು ಏನು ಮಾಡಿದೆ? ತಕ್ಷಣ ಹಿಂದಿಗೆ ಹೊರಳಿದೆ! ಅವನು ತಟ್ಟಿದ ಕನ್ನಡದ ಬಾಗಿಲನ್ನು ನೀನೇ ಹಾಕಿದೆ. ಆಮೇಲೆ 'ಹತ್ತು ವರ್ಷವಾದರೂ ಕನ್ನಡ ಕಲಿಯಲಿಲ್ಲ' ಎಂದು ಅವನನ್ನೇ ಬೈದೆ.

ಕಲಿಯದವನ ಸೊಕ್ಕನ್ನು ನಾವು ಖಂಡಿಸುತ್ತೇವೆ, ಖಂಡಿಸುತ್ತಲೇ ಇರುತ್ತೇವೆ. ಆದರೆ ಕಲಿಯಲು ಬಂದವನಿಗೆ ಕಲಿಸದಿರುವುದು ನಮ್ಮ ತಪ್ಪು. ಅಲ್ಲಿಯ ಸರಕಾರ 2005ರಿಂದ ಹೊರಗಿನಿಂದ ಬಂದು ನೆಲೆಸುವವರಿಗಾಗಿ ಶಿಕ್ಷಣ ನಡೆಸುತ್ತಿದೆ. ಸಾಮಾನ್ಯವಾಗಿ 600 ತಾಸು ಭಾಷೆ, 100 ತಾಸು ಆ ದೇಶದ ಕಾನೂನು, ಇತಿಹಾಸ, ರೀತಿನೀತಿ. ಊರೂರಿನ ಜನಶಾಲೆಗಳಲ್ಲಿ ದುಡಿಯುವವರಿಗೆಂದು ಸಂಜೆ ತರಗತಿಗಳಿವೆ. ನಮ್ಮ ಸರಕಾರ? ಅಲ್ಲೊಂದು ಇಲ್ಲೊಂದು ಕಲಿಕಾ ಕೇಂದ್ರ ಬಿಟ್ಟರೆ ನವೆಂಬರಿನ ಭಾಷಣ! ಒಂದೂವರೆ ಕೋಟಿ ಸಮೀಪದ ಜನರಿರುವ ಬೆಂಗಳೂರಿನಲ್ಲಿ ಪ್ರತಿ ವಾರ್ಡಿಗೊಂದು ಸಂಜೆ ಕನ್ನಡ ಶಾಲೆ ಬೇಡವೇ? ದೊಡ್ಡ ಕಂಪನಿಗಳು ಹೊಸ ನೌಕರನಿಗೆ ಮೊದಲ ವರ್ಷ ಕೆಲಸದ ವೇಳೆಯಲ್ಲೇ ಕನ್ನಡ ಕಲಿಸಬೇಕೆಂಬ ಆಜ್ಞೆ ಬೇಡವೇ? ಇದನ್ನು ನಾವು ಭಿಕ್ಷೆಯಾಗಿ ಬೇಡುತ್ತಿಲ್ಲ, ಹಕ್ಕಾಗಿ ಕೇಳುತ್ತಿದ್ದೇವೆ. ಇದರಿಂದ ಕನ್ನಡವೂ ಉಳಿಯುತ್ತದೆ, ಆ ಪೀಜಿಯ ಹುಡುಗನಿಗೊಂದು ಊರೂ ಸಿಗುತ್ತದೆ.

ಸರಕಾರ ಏಳುವವರೆಗೆ ಕಾಯಬೇಕಾಗಿಲ್ಲ. ಇಂದು ಸಂಜೆಯೇ, ತೊದಲು ಕನ್ನಡ ಆಡುವವನಿಗೆ ಕನ್ನಡದಲ್ಲೇ ಉತ್ತರ ಕೊಡು. ನಿಧಾನವಾಗಿ, ನಗುತ್ತಾ. ತಪ್ಪು ಹಿಡಿದು ಹೀಯಾಳಿಸಬೇಡ. ಒಬ್ಬನಿಗೆ ವಾರಕ್ಕೆ ಹತ್ತು ಮಾತು ಕಲಿಸು.

ಪರದೇಶದಲ್ಲಿರುವ ತಮ್ಮಾ, ತಂಗೀ, ನಿನಗೂ ಅಷ್ಟೇ ಕೆಲಸ. ಅಟ್ಟಕ್ಕೆಸೆದ ಪುಸ್ತಕ ಕೆಳಗಿಳಿಸು. ಈ ವಾರ ಒಂದು ಸಂಘದ ಬಾಗಿಲು ತಟ್ಟು. ನಿನ್ನ ಪಾಳಿಯ ಮೆಟ್ಟಿಲು ಒರೆಸು. ಊರಿನ ಇನ್ನಿಬ್ಬರು ಕನ್ನಡಿಗರನ್ನು ಹುಡುಕಿ ಜಾತಿ ಕೇಳದೆ ಊಟಕ್ಕೆ ಕರೆ. ಅಮ್ಮನಿಗೆ ಸುಳ್ಳು ಹೇಳುವುದನ್ನು ನಿಲ್ಲಿಸು, 'ಇನ್ನೂ ಯಾರೂ ಸಿಕ್ಕಿಲ್ಲಮ್ಮಾ, ಹುಡುಕ್ತಾ ಇದೀನಿ' ಅಂತ ನಿಜವನ್ನೇ ಹೇಳು. ಆ ಒಂದು ಮಾತಿಗೇ ಅವಳ ಅರ್ಧ ಭಾರ ಇಳಿಯುತ್ತದೆ, ನಿನ್ನದೂ.

ಹೋದ ನೆಲದ ನುಡಿ ಕಲಿ! ಹುಟ್ಟಿದ ನೆಲದ ನುಡಿ ಬಿಡಬೇಡ! ಬಂದವನಿಗೆ ನಮ್ಮ ನುಡಿ ಕಲಿಸು!

ಜೈ ಕರ್ನಾಟಕ!